ನೀರಿಗೆ ಎಣಿಕೆ ಕಲಿಸಿದವನು

ನನ್ನ ಹೆಂಡತಿಯ ತಮ್ಮ ಗಂಗೆಯ ನೀರಿಗೆ ಒಂದು, ಎರಡು ಎಣಿಸಲು ಕಲಿಸಿದ್ದ ಎಂದರೆ ನೀವು ನಂಬುವುದಿಲ್ಲ. ಕಾಶಿಯಲ್ಲಿ ಮೂವತ್ತು ವರ್ಷ ಪೌರೋಹಿತ್ಯ ಮಾಡಿದ ನಾನೇ ನಂಬಿರಲಿಲ್ಲ!

ಅವನು ವಿಶ್ವವಿದ್ಯಾಲಯದ ಕಾರ್ಯಾಗಾರದಲ್ಲಿ ಅಕ್ರಿಲಿಕ್ ಹಲಗೆ ಕೊರೆಯುವ ಕೆಲಸದಲ್ಲಿದ್ದ. ನಮ್ಮ ಮನೆಗೆ ಊಟಕ್ಕೆ ಬಂದರೆ ಅನ್ನದಲ್ಲಿ ಕಾಲುವೆ ತೋಡಿ, ಸಾರು ಯಾವ ಕಡೆ ಹೊರಳುತ್ತದೆಂದು ನೋಡುತ್ತ ಎಲ್ಲೋ ತೇಲಿಹೋಗುತ್ತಿದ್ದ.

"ಉಣ್ಣೋ, ಆರಿಹೋಗತ್ತೆ" ಎಂದು ಅಕ್ಕ ಗದರಿದರೆ, "ತಡಿಯೇ ಅಕ್ಕಾ, ಅದು ಯೋಚನೆ ಮಾಡ್ತಿದೆ" ಎನ್ನುತ್ತಿದ್ದ. ಯಾವುದು? ಸಾರು!

ಅವನ ಯಂತ್ರಕ್ಕೆ ಕರೆಂಟಿಲ್ಲ, ಚಕ್ರವಿಲ್ಲ. ಹಲಗೆಯಲ್ಲಿ ಕೊರೆದ ಏಳು ಕವಲು, ಅಷ್ಟೇ. ಕವಲಿಗೆ ಬಂದ ನೀರು ಒಂದು ಗೋಡೆಗೆ ಅಂಟಿಕೊಂಡು ಹರಿಯುತ್ತದೆ. ಒಂದು ತಂಬಿಗೆ ನೀರು ಬಿದ್ದು ಪಕ್ಕದಿಂದ ಪುಟ್ಟದಾಗಿ ತಳ್ಳಿದರೆ ಎದುರು ಗೋಡೆಗೆ ದಾಟುತ್ತದೆ. ಹೋಗಿ ವಾಪಸ್ಸು ಬಂದರೆ ಮುಂದಿನ ಕವಲನ್ನು ತಾನೇ ಒಮ್ಮೆ ತಳ್ಳುತ್ತದೆ. ಏಳೂ ಕಡೆ ನೀರು ಎತ್ತ ವಾಲಿದೆಯೆಂದು ನೋಡಿ ಇವನು ಎಣಿಕೆ ಹೇಳುತ್ತಿದ್ದ. ನೋಡುತ್ತ ಕೂತರೆ ನನಗೂ ಸಿಹಿಯಾದ ಮಂಪರು.

ಒಮ್ಮೆ ದಾವಣಗೆರೆಯ ಯಾತ್ರಿಕರಿಗಾಗಿ ನಮ್ಮ ಮನೆಯ ಲಿಂಗಕ್ಕೆ ನೂರೆಂಟು ತಂಬಿಗೆ ಅಭಿಷೇಕ. ನೀರು ಹೊರಬೀಳುವಲ್ಲಿ ಇವನು ಹಲಗೆ ಜೋಡಿಸಿದ. ಮಂತ್ರ ಹೇಳುತ್ತ ತಂಬಿಗೆ ಸುರಿದ ನಾನು "ನೂರೆಂಟು" ಎಂದು ಮಂಗಳಾರತಿ ಎತ್ತಿದೆ.

"ಭಾವ, ತೊಂಬತ್ತೊಂದು" ಎಂದ, ಎಲ್ಲರೆದುರು!

"ನಿನ್ನ ಹಲಗೆ ಕೆಟ್ಟಿದೆ ಕಣಯ್ಯ" ಎಂದೆ. ಯಾತ್ರಿಕರು ನಕ್ಕರು. ಅವನು ನಗಲಿಲ್ಲ. ಮಂತ್ರ ಹೇಳುವ ಭಾವ ತಪ್ಪುವುದುಂಟೇ? ಇಲ್ಲದ ದೋಷ ಹುಡುಕುತ್ತ ನಾಲ್ಕು ವರ್ಷ ಹಲಗೆಯ ಮೇಲೆ ಹಲಗೆ ಕೊರೆದ. ನಾನು ಬಾಯಿ ಬಿಡಲಿಲ್ಲ.

ಕೊನೆಗೊಂದು ಬೆಳಗ್ಗೆ ಅಸ್ಸಿ ಘಾಟಿನಲ್ಲಿ ನನ್ನನ್ನೂ ದೋಣಿ ಹತ್ತಿಸಿದ. ಮಂಜಿನಲ್ಲಿ ನದಿ ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಹಲಗೆಗಳ ಗಂಟು ಬಿಚ್ಚಿ, "ದೋಷ ನನ್ನ ತಲೇಲೇ ಇದೆ ಭಾವ. ಇವತ್ತಿಗೆ ಬಿಟ್ಟೆ" ಎಂದು ಒಂದನ್ನು ನೀರಿನ ಮೇಲೆ ಎತ್ತಿದ.

"ಅರೇ ಭಯ್ಯಾ, ಪ್ಲಾಸ್ಟಿಕ್ ಮತ್ ಫೇಂಕಿಯೇ!" ಎಂದು ಅಂಬಿಗ ಕೂಗಿದ.

ನಾನು ಭಾವಮೈದುನನ ಕೈ ಹಿಡಿದುಕೊಂಡೆ. "ಬಿಸಾಡಬೇಡ ಕಣೋ. ನಿನ್ನ ನೀರು ಸರಿಯಾಗೇ ಎಣಿಸಿತ್ತು. ಅವತ್ತು ನನಗೆ ಮೊಣಕಾಲು ಸೆಳೀತಿತ್ತು. ಹದಿನೇಳು ತಂಬಿಗೆ ಸುರಿಯದೇ ನಾನೇ ನುಂಗಿಬಿಟ್ಟೆ."

ಅವನು ಹಲಗೆಯನ್ನು ಎದೆಗವಚಿಕೊಂಡ. ಬೈಯಲಿ ಎಂದು ಕಾದೆ.

"ಅಷ್ಟು ನೋವಿತ್ತಾ ಭಾವ?" ಎಂದ. "ಒಂದ್ಮಾತು ಹೇಳಬಾರದಿತ್ತಾ? ತಂಬಿಗೆ ನಾನು ಎತ್ತಿಕೊಡ್ತಿದ್ದೆ."