ಸಾತವ್ವನ ಒಲೆಯ ಅನಧಿಕೃತ ಸುಸ್ಥಿತಿ

೨೦೦೯ನೇ ಇಸವಿ ಜೂನ್ ತಿಂಗಳ ೨೩ನೇ ತಾರೀಖು, ಮಂಗಳವಾರ. ಮುಂಜಾನೆಯಿಂದ ಮೋಡವಿತ್ತು, ಪಡುವಣ ಗಾಳಿ ಜೋರಾಗಿತ್ತು, ಮಳೆ ಇರಲಿಲ್ಲ. ಅಂದು ಏಳೂವರೆಯ ಸುಮಾರಿಗೆ ಗಲಗಲಿ ಕಡೆಯ ಒಂದು ಪುನರ್ವಸತಿ ಕೇಂದ್ರದಲ್ಲಿ ಸಾತವ್ವ ಕೋಂ ಹಾಲಸಿದ್ದಪ್ಪ ಎಂಬ ಹೆಣ್ಣುಮಗಳು ತನ್ನ ಮನೆಯ ಗ್ಯಾಸ್ ಒಲೆಯನ್ನು ತಾನೇ ರಿಪೇರಿ ಮಾಡಿದಳು. ಒಲೆ ಸರಿಯಾಯಿತು. ಮುಂದೆ ಆದ ತೊಂದರೆಗೆಲ್ಲ ಇದೇ ಕಾರಣ.

ಹಿಂದಿನ ದಿನ ಮಣ್ಣೆತ್ತಿನ ಅಮಾವಾಸ್ಯೆ. ಹಿನ್ನೀರಿನಲ್ಲಿ ಮುಳುಗಿದ ಹಳೆಯ ಮನೆಯಲ್ಲಿ ದೇವರಿಗೆಂದೇ ಜಗಲಿ ಇತ್ತು. ಸರಕಾರ ಕಟ್ಟಿಕೊಟ್ಟ ಮನೆಯ ನಕ್ಷೆಯಲ್ಲಿ ದೇವರ ಉಲ್ಲೇಖವಿರಲಿಲ್ಲ. ಹಾಗಾಗಿ ಮಣ್ಣಿನ ಎತ್ತುಗಳನ್ನು ಅಡಿಗೆಮನೆಯ ಕಡಪಾ ಕಲ್ಲಿನ ಮೇಲೆ, ಒಲೆಯ ಪಕ್ಕದಲ್ಲಿ ನಿಲ್ಲಿಸಿದ್ದರು. ಸಾತವ್ವನ ಅತ್ತೆ ತಾಯವ್ವ ಬೀರಪ್ಪ ದೇವರ ಹೆಸರು ಹೇಳಿ ಎತ್ತುಗಳ ಮೇಲೆ ಭಂಡಾರ ಹಾರಿಸಿದಳು. ಅರಿಷಿಣದ ಪುಡಿಯ ವಿಷಯದಲ್ಲಿ ಮುದುಕಿಯ ಕೈ ದೊಡ್ಡದು. ಅನ್ನ ಹಾಕುವ ಒಲೆಯೂ ದೇವರೇ ಎಂದು ಅದಕ್ಕೂ ಎರಡು ಹಿಡಿ ಹಾರಿಸಿದಳು. ಅದೇ ಹೊತ್ತಿಗೆ ಹಾಲು ಉಕ್ಕಿತು. ಹಾಲು, ಭಂಡಾರ, ಬಿಸಿ ಮೂರೂ ಸೇರಿದರೆ ಆಣೆಕಟ್ಟಿಗೂ ಗಾರೆಯಾದೀತು. ಬೆಳಗಾಗುವಷ್ಟರಲ್ಲಿ ಬರ್ನರಿನ ತೂತುಗಳೆಲ್ಲ ಮುಚ್ಚಿ, ಉರಿ ಒಂದೇ ಮಗ್ಗುಲಿಗೆ ಹಳದಿಯಾಗಿ ತೂಗಾಡುತ್ತಿತ್ತು.

ಸಾತವ್ವ ಸಿಲಿಂಡರ್ ಬಂದ್ ಮಾಡಿದಳು. ಬರ್ನರು ಆರಿದ ಮೇಲೆ ಎತ್ತಿ ಹುಣಸೆ ನೀರಿನಲ್ಲಿ ನೆನೆಹಾಕಿದಳು. ಕುರಿ ಮೇಯಿಸಲು ಹೋದ ಗಂಡ ಗೋಡೆಯ ಗೂಡಿನಲ್ಲಿ ಬಿಟ್ಟುಹೋಗಿದ್ದ, ಕಂಬಳಿ ಹೊಲಿಯುವ ದಬ್ಬಣವನ್ನು ತಂದು ಒಂದೊಂದೇ ತೂತು ಬಿಡಿಸಿದಳು. ತೊಳೆದು, ಬಿಸಿಲಿಲ್ಲದ್ದರಿಂದ ಸೆರಗಿನಿಂದ ಒರೆಸಿ, ಕೂಡಿಸಿದಳು. ರಬ್ಬರ್ ಪೈಪಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳದ್ದನ್ನು ನೋಡಿ, ಕಡ್ಡಿ ಗೀರಿದಳು. ಉರಿ ನೀಲಿಯಾಗಿ ದುಂಡಗೆ ಎದ್ದಿತು.

ಸಕ್ಕರೆ ಕೇಳಲು ಬಂದಿದ್ದ ಪಕ್ಕದ ಮನೆಯ ಶಂಕ್ರೆವ್ವ ಇದನ್ನು ನೋಡಿದಳು. "ಯವ್ವಾ, ಇಷ್ಟ ಏನ? ಇದಕ್ಕ ನಾವು ವರ್ಷಕ್ಕೆರಡ ಸಲ ಹೊಸಾ ಬರ್ನರ್ ಹಾಕಸ್ತಿದ್ವಿ!" ಎಂದಳು. ಸಕ್ಕರೆಯ ಜೊತೆಗೆ ದಬ್ಬಣವನ್ನೂ ಒಯ್ದಳು. ಹದಿನೈದು ದಿನಗಳಲ್ಲಿ ದಬ್ಬಣ ಹದಿನಾಲ್ಕು ಮನೆ ತಿರುಗಿ ಬಂತು.

ಲೋಕಾಪುರದ ಅಗ್ನಿಮಿತ್ರ ಗ್ಯಾಸ್ ವಿತರಣಾ ಕೇಂದ್ರದಲ್ಲಿ ಕಳವಳ ಹುಟ್ಟಿತು. ಮಾಲೀಕರಾದ ಅಣ್ಣಾಸಾಹೇಬರು ದೂರಿನ ರಜಿಸ್ಟರ್ ತೆಗೆದು ನೋಡಿದರೆ ಪುನರ್ವಸತಿ ಕೇಂದ್ರದ ಪುಟ ಖಾಲಿ. ಒಂದು ತಿಂಗಳಿಂದ ಒಂದೂ ಒಲೆ ಕೆಟ್ಟಿಲ್ಲ, ಒಂದೂ ಬರ್ನರು ಮಾರಿಲ್ಲ. ಇಂಥ ಅನಾಹುತ ಹಿಂದೆಂದೂ ಸಂಭವಿಸಿರಲಿಲ್ಲ. ಅವರು ಎರಡು ದಿನ ಯೋಚಿಸಿ ಈ ಪ್ರಕಟಣೆ ಹೊರಡಿಸಿದರು:

"ಸಮಸ್ತ ಗ್ರಾಹಕರಿಗೆ ತಿಳಿಯಪಡಿಸುವುದೇನೆಂದರೆ, ಕೆಲವು ಒಲೆಗಳು ಅಧಿಕೃತ ರಿಪೇರಿ ಇಲ್ಲದೆ ಚೆನ್ನಾಗಿ ಉರಿಯುತ್ತಿರುವುದು ಗಮನಕ್ಕೆ ಬಂದಿದೆ. ಇದನ್ನು 'ಅನಧಿಕೃತ ಸುಸ್ಥಿತಿ' ಎಂದು ಪರಿಗಣಿಸಲಾಗುವುದು. ಸದರಿ ಒಲೆಗಳು ಮೊದಲು ನಿಯಮಾನುಸಾರ ಕೆಡತಕ್ಕದ್ದು. ಕೆಟ್ಟ ಒಲೆಗಳನ್ನು ಮಾತ್ರ ಸರಿಪಡಿಸಲಾಗುವುದು. ಸರಿಪಡಿಸಿದ ಒಲೆಗಳಿಗೆ ಮಾತ್ರ ಸಿಲಿಂಡರ್ ಕೊಡಲಾಗುವುದು. ಗ್ರಾಹಕರು ಸಹಕರಿಸಬೇಕು."

ಸಾತವ್ವ ಹೊಸ ಸಿಲಿಂಡರಿಗೆ ನಂಬರು ಹಚ್ಚಲು ಫೋನ್ ಮಾಡಿದಾಗ ಈ ನಿಯಮ ಅವಳಿಗೆ ಗೊತ್ತಾಯಿತು. ಮನೆಯಲ್ಲಿದ್ದ ಗ್ಯಾಸು ಹೆಚ್ಚೆಂದರೆ ಒಂದು ದಿನ ಬರುವಂತಿತ್ತು. ಸೌದೆ ಹಚ್ಚೋಣವೆಂದರೆ ತಾಯವ್ವನಿಗೆ ಉಬ್ಬಸ. ಹೊಗೆಯ ಸನಿಹ ಮುದುಕಿ ಸುಳಿಯಕೂಡದೆಂದು ಮುಧೋಳದ ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಆ ಮನೆಗೆ ಗ್ಯಾಸು ಬಂದದ್ದೇ ಮುದುಕಿಯ ಎದೆಗಾಗಿ.

ಮರುದಿನ ಗ್ಯಾಸ್ ಕೇಂದ್ರದ ಅಧಿಕೃತ ಮೆಕ್ಯಾನಿಕ್ ಗುರುಸಿದ್ದ ಬಂದ. ಒಳ್ಳೆಯ ಹುಡುಗ, ಚಹಾ ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ. ಒಲೆ ಹಚ್ಚಿದ. ನೀಲಿ ಉರಿ. ಆರಿಸಿ ಮತ್ತೆ ಹಚ್ಚಿದ. ಮತ್ತೂ ನೀಲಿ. ಅವನ ಮುಖ ಸಪ್ಪಗಾಯಿತು.

"ಅಕ್ಕಾರ, ಇದು ಛಲೋ ಉರಿಯಾಕತ್ತೈತಲ್ರಿ?"

"ಹೌದಪ್ಪ."

"ಎಂಟ ವರ್ಷದ ಒಲಿ. ಈ ವರ್ಷದ್ದು ಒಂದೂ ರಿಪೇರಿ ರಸೀದಿ ಇಲ್ಲ. ಹಿಂಗ ಉರೀಬಾರದ್ರಿ."

ಬಾಗಿಲಲ್ಲಿ ಕುಳಿತಿದ್ದ ತಾಯವ್ವ ತಿರುಗಿದಳು. "ಯಾಕಲೇ? ನಿನ್ನ ಕೇಳಿ ಉರೀಬೇಕೇನ ಅದು?"

"ನನ್ನ ಅಲ್ಲ ಆಯಿ, ಆಫೀಸಿನ್ನ ಕೇಳಿ. ದಾಖಲೆ ಪ್ರಕಾರ ಇದು ಉರಿಯೂದಿಲ್ಲ."

"ಹಂಗಾರ ನೀ ಕುಡಿಯಾಕತ್ತೀದಿ ಚಾ, ನನ್ನ ನೆತ್ತಿ ಮ್ಯಾಲ ಕಾಸೇವೇನಲೇ?"

ಗುರುಸಿದ್ದ ಕೈಯಲ್ಲಿದ್ದ ಬಟ್ಟಲನ್ನು ನೋಡಿದ. ಚಹಾ ಬಿಸಿಯಾಗಿತ್ತು. ಇದನ್ನು ನಮೂದಿಸಲು ಫಾರ್ಮಿನಲ್ಲಿ ಜಾಗವಿರಲಿಲ್ಲ. ಆದ್ದರಿಂದ ಕುಡಿದ.

ಆಮೇಲೆ ಅವನು ದಬ್ಬಣವನ್ನು ಜಪ್ತಿ ಮಾಡಿದ. ಶಂಕ್ರೆವ್ವನ ಸಾಕ್ಷಿಯಲ್ಲಿ ಪಂಚನಾಮೆ ಆಯಿತು: ಉದ್ದ ಆರು ಇಂಚು, ತುದಿ ಚೂಪು, ವಾಸನೆ ಉಣ್ಣೆಯದು.

"ಅದು ನಮ್ಮನಿಯವರದಪ್ಪ," ಎಂದಳು ಸಾತವ್ವ. "ಕಂಬಳಿ ಹೊಲ್ಯಾಕ ಬೇಕ. ಬಂದ ಕೂಡ್ಲೆ ಕೇಳ್ತಾರ."

"ಎಲ್ಲೂ ಹೋಗೂದಿಲ್ರಿ ಅಕ್ಕಾರ. ಕಪಾಟಿನ್ಯಾಗ ಇಡ್ತೀವಿ."

ಇನ್ನು ಒಲೆಯನ್ನು ಕೆಡಿಸಬೇಕಿತ್ತು. ಗುರುಸಿದ್ದ ಕಾಲು ಗಂಟೆ ಒಲೆಯ ಸುತ್ತ ತಿರುಗಿದ. ಉರಿಯ ಗುಂಡಿಯನ್ನು ಹಿಂದೆ ಮುಂದೆ ತಿರುವಿದ, ಊದಿದ, ಬಡಿದ. ಅದು ಕೆಡಲಿಲ್ಲ. ಕೊನೆಗೆ ಸಾತವ್ವನಿಗೇ ಕನಿಕರ ಬಂದು ಅರ್ಧ ಲೋಟ ಹಾಲನ್ನೂ ಭಂಡಾರದ ಡಬ್ಬಿಯನ್ನೂ ತಂದುಕೊಟ್ಟು ತೋರಿಸಿದಳು. ಹತ್ತು ನಿಮಿಷದಲ್ಲಿ ಬರ್ನರು ಕಟ್ಟಿತು. ಗುರುಸಿದ್ದ ಬೆವರು ಒರೆಸಿಕೊಂಡು "ನಿಯಮಾನುಸಾರ ಕೆಟ್ಟಿದೆ" ಎಂದು ಬರೆದ. ಯಾರೂ ಕೈ ಹಚ್ಚದಂತೆ ಬರ್ನರಿಗೆ ಅರಗಿನ ಮುದ್ರೆ ಒತ್ತಿದ.

"ನಾಳೆ ಬಂದು ಹೊಸಾ ಬರ್ನರ್ ಹಾಕ್ತೀನ್ರಿ."

ಮರುದಿನ ಹೊಸ ಬರ್ನರು ಬರಲಿಲ್ಲ. ದಾಸ್ತಾನು ಮುಗಿದಿದೆ, ಹುಬ್ಬಳ್ಳಿಯಿಂದ ಬರಬೇಕು, ಒಂದು ತಿಂಗಳಾಗಬಹುದು ಎಂದು ಫೋನು ಬಂತು.

ಸಾತವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸೌದೆ ಹಚ್ಚಿದಳು. ಹಿತ್ತಲು ಪಡುವಣಕ್ಕಿತ್ತು, ಗಾಳಿಯೂ ಪಡುವಣದ್ದೇ. ಹೊಗೆ ಹಿಂಬಾಗಿಲಿಂದ ಬಂದು, ಮನೆಯೆಲ್ಲ ಓಡಾಡಿ, ತಾಯವ್ವ ಕುಳಿತಿದ್ದ ಮುಂಬಾಗಿಲಿಂದ ಹೊರಗೆ ಹೋಗುತ್ತಿತ್ತು. ಮೊದಲ ದಿನ ತಾಯವ್ವ ಕೆಮ್ಮುತ್ತ ಅಣ್ಣಾಸಾಹೇಬರ ಮನೆತನವನ್ನು ಬೈದಳು. ಎರಡನೆಯ ದಿನ ಗುರುಸಿದ್ದನನ್ನಷ್ಟೇ ಬೈದಳು. ಮೂರನೆಯ ದಿನ ಗೋಡೆಗೊರಗಿ ಕುಳಿತು ಯಾರನ್ನೂ ಬೈಯಲಿಲ್ಲ. ಸಾತವ್ವನಿಗೆ ಹೆದರಿಕೆಯಾದದ್ದು ಆಗ. ಅತ್ತೆಯನ್ನು ಶಂಕ್ರೆವ್ವನ ಮನೆಯಲ್ಲಿ ಕೂಡಿಸಿ, ಎರಡು ಬಸ್ಸು ಬದಲಿಸಿ ಲೋಕಾಪುರಕ್ಕೆ ಹೋದಳು.

ಅಣ್ಣಾಸಾಹೇಬರು ಅವಳನ್ನು ಗೌರವದಿಂದ ಬರಮಾಡಿಕೊಂಡರು.

"ಬರ್ರಿ ಅಕ್ಕಾರ, ಕೂಡ್ರಿ. ನಿಮ್ಮ ಫಾರ್ಮ್ ನೋಡೇನಿ. ಒಲಿ ಕೆಟ್ಟದ್ದು ಬರೋಬ್ಬರಿ ಐತಿ. ಓವನ್ ಕಾಲಂ ಖಾಲಿ ಬಿಟ್ಟೀರಿ."

"ಓವನ್ ಅಂದ್ರ?"

"ಬಿಸ್ಕೀಟ, ಕೇಕ ಸುಡೂ ಪೆಟಗಿ."

"ನಮ್ಮ ಮನ್ಯಾಗ ಅದು ಇಲ್ರಿ ಸಾವ್ಕಾರ್ರ."

"ಇಲ್ಲ ಅನ್ನಾಕ ಕಾಲಂ ಇಲ್ಲ. 'ಸರಿಯಿದೆ', 'ಕೆಟ್ಟಿದೆ', ಎರಡ ಅದಾವ. ಸರಿ ಐತಿ ಅಂದ್ರ ರಸೀದಿ ತೋರಸಬೇಕು. ಇಲ್ಲಂದ್ರ ಅದೂ ಅನಧಿಕೃತ ಸುಸ್ಥಿತಿ ಆಗ್ತೈತಿ."

ಗೋಡೆಗೊರಗಿ ಕುಳಿತ ಅತ್ತೆ ಸಾತವ್ವನ ಕಣ್ಣಿಗೆ ಬಂದಳು.

"ಕೆಟ್ಟೈತಿ ಅಂತ ಬರೀರಿ."

"ಏನಾಗೈತಿ ಅದಕ್ಕ?"

"ಬಿಸಿನ ಆಗೂದಿಲ್ರಿ."

ಇದು ನಿಜವೇ ಆಗಿತ್ತು. ಅಣ್ಣಾಸಾಹೇಬರು ಗುರುಸಿದ್ದನನ್ನು ಕರೆದರು. ಗುರುಸಿದ್ದ ಅಲ್ಲೇ ಮೇಜಿನ ಮೇಲೆ ನಾಲ್ಕು ನಿಮಿಷದಲ್ಲಿ ಓವನ್ ರಿಪೇರಿ ಮಾಡಿ ಸಹಿ ಹಾಕಿದ. ಕೆಟ್ಟ ವಸ್ತುವೊಂದನ್ನು ಬದಲಿಸದೆ ಅವನು ಸರಿಪಡಿಸಿದ್ದು ಅದೇ ಮೊದಲು. ಮುಖದಲ್ಲಿ ಸಣ್ಣ ಕಳೆ ಬಂತು.

ಉಳಿದದ್ದು ಒಲೆ. ಬರ್ನರಿನ ದಾಸ್ತಾನಿಲ್ಲ ಎಂದು ಅಣ್ಣಾಸಾಹೇಬರು ಪುನಃ ವಿಷಾದಿಸಿದರು.

"ಬರ್ನರ್ ಯಾಕ್ರಿ?" ಎಂದಳು ಸಾತವ್ವ. "ದಬ್ಬಣ ಕೊಡ್ರಿ, ಅರ್ಧಾ ತಾಸಿನ ಕೆಲಸ."

"ಅದು ಜಪ್ತಾದ ಮಾಲು. ನಿಮ್ಮ ಕೈಗೆ ಕೊಡಾಕ ಬರೂದಿಲ್ಲ."

"ಹಂಗಾರ ಈ ತಮ್ಮನ ಕೈಗೆ ಕೊಡ್ರಿ."

ಅಣ್ಣಾಸಾಹೇಬರಿಗೆ ಈ ಮಾತು ಹಿಡಿಸಿತು. ಕಪಾಟಿನಿಂದ ದಬ್ಬಣ ಹೊರಬಂತು. ಅದಕ್ಕೆ ಬಿಳಿ ಬಣ್ಣದಲ್ಲಿ "ಅಧಿಕೃತ ಉಪಕರಣ ಸಂಖ್ಯೆ ೧" ಎಂದು ಬರೆಯಲು ನೋಡಿದರು. ಜಾಗ ಸಾಲದೆ "ಅಧಿ" ಎಂದಷ್ಟೇ ಬರೆದರು.

"ಆದ್ರ ಸಾಹೇಬ್ರ," ಗುರುಸಿದ್ದ ತಲೆ ಕೆರೆದುಕೊಂಡ, "ಆರ ವರ್ಷದಾಗ ನಾ ಒಂದೂ ರಿಪೇರಿ ಮಾಡಿಲ್ರಿ. ಬದಲಿ ಮಾಡೂದಷ್ಟ ಗೊತ್ತು."

"ಅಕ್ಕಾರು ಹೇಳಿಕೊಡ್ತಾರ. ಖರೆ, ರಿಪೇರಿ ನಡದಾಗ ಗ್ರಾಹಕರು ಅಡಗಿಮನ್ಯಾಗ ಇರಬಾರದು. ನಿಯಮ ಹನ್ನೊಂದು."

ಮಾರನೆಯ ದಿನ ಹಾಗೆಯೇ ನಡೆಯಿತು. ಗುರುಸಿದ್ದ ಅಡಿಗೆಮನೆಯೊಳಗೆ ಮುದ್ರೆ ಒಡೆದು ಕುಳಿತ. ಸಾತವ್ವ ಹೊರಗೆ ಕಿಟಕಿಯ ಸರಳು ಹಿಡಿದು ನಿಂತಳು.

"ಹುಣಸಿ ನೀರಾಗ ಹಾಕಿದಿ?"

"ಹಾಕಿದ್ನ್ರಿ."

"ಮೊದಲ ಸಿಲಿಂಡರ್ ಬಂದ್ ಮಾಡೋ ತಮ್ಮಾ."

"ಸಿಲಿಂಡರ್ ಖಾಲಿನ ಐತಲ್ರಿ ಅಕ್ಕಾರ."

"ಇರಲಿ, ರೂಢಿ ಆಗಲಿ. ಜ್ವಾಳದಾಗಿನ ಹರಳ ಆರಿಸಿದಂಗ ಒಂದೊಂದ ತೂತ. ಒತ್ತಬ್ಯಾಡ, ತಿರುವು."

ಶಂಕ್ರೆವ್ವನ ಕಟ್ಟೆಯ ಮೇಲಿಂದ ತಾಯವ್ವ ಇದನ್ನೆಲ್ಲ ನೋಡುತ್ತಿದ್ದಳು. "ಲೇ ಸಾತವ್ವ, ಅಂವಂಗ ರೊಟ್ಟಿ ಬಡಿಯೂದೂ ಕಲಸಬೇ. ಒಂದ ಅರ್ಜಿಯಾಗ ಎರಡೂ ಆಗ್ಲಿ," ಎಂದು ಕೂಗಿ ಕೆಮ್ಮಿದಳು. ಅತ್ತೆಯ ಬಾಯಿ ಮರಳಿ ಬಂದದ್ದನ್ನು ಕೇಳಿ ಸಾತವ್ವ ಸರಳಿನ ಮೇಲೆ ಹಣೆಯಿಟ್ಟು ನಕ್ಕಳು.

ಒಂದು ತಾಸು ಹಿಡಿಯಿತು. ಸಂಜೆ ಸಿಲಿಂಡರ್ ಬಂತು. ಸಾಬೂನಿನ ನೊರೆ ಹಚ್ಚಿ, ಕಡ್ಡಿ ಗೀರಿ ಗುರುಸಿದ್ದನೇ ಕೂಗಿದ: "ನೀಲಿ, ಅಕ್ಕಾರ! ನೀಲಿ!" ಮುದುಕಿ ತನ್ನ ಮನೆಗೆ ಬಂದು ಮಲಗಿದಳು. ಆ ವಾರವೇ ಉಬ್ಬಸ ಇಳಿಯಿತು.

ಈ ವ್ಯವಸ್ಥೆಯಿಂದ ಎಲ್ಲರಿಗೂ ಅನುಕೂಲವಾದುದರಿಂದ ಅದು ಹರಡಿತು. ಓಣಿಯ ಹದಿನಾಲ್ಕೂ ಮನೆಯವರು ಸಾಲಾಗಿ ತಮ್ಮ ಓವನ್ನುಗಳನ್ನು ರಿಪೇರಿ ಮಾಡಿಸಿದರು. ತಮ್ಮದಕ್ಕೆ ಗುರುಸಿದ್ದ ಎರಡು ಸಲ ಬರಬೇಕಾಯಿತು, ಅಷ್ಟು ಕೆಟ್ಟಿತ್ತು ಎಂದು ಶಂಕ್ರೆವ್ವ ನೀರಿನ ನಲ್ಲಿಯ ಹತ್ತಿರ ಹೇಳಿಕೊಂಡಳು. ಯಾರೂ ನಗಲಿಲ್ಲ.

ಆಗಸ್ಟ್ ಎರಡನೆಯ ವಾರ ಹಾಲಸಿದ್ದಪ್ಪ ಕುರಿ ಹೊಡೆದುಕೊಂಡು ಊರಿಗೆ ಬಂದ. ಹೆಗಲ ಕಂಬಳಿಯ ಒಂದು ಮೂಲೆ ಹರಿದಿತ್ತು. ಕೈಕಾಲು ತೊಳೆದು ನೇರ ಗೋಡೆಯ ಗೂಡಿಗೆ ಕೈ ಹಾಕಿದ.

"ದಬ್ಬಣ ಎಲ್ಲೈತಿ?"

"ಲೋಕಾಪುರದಾಗ."

ಸಾತವ್ವ ಚಹಾಕ್ಕಿಟ್ಟು ಮೊದಲಿಂದ ಎಲ್ಲವನ್ನೂ ಹೇಳಿದಳು. ಹಾಲಸಿದ್ದಪ್ಪ ಕುರಿಗಳ ಜೊತೆ ಬಾಳಿದವನು, ನಡುವೆ ಬಾಯಿ ಹಾಕುವವನಲ್ಲ. ಕೇಳಿ ಮುಗಿದ ಮೇಲೆ ಎದ್ದು ಗೋಡೆಗೆ ತೂಗುಹಾಕಿದ್ದ ಗ್ಯಾಸ್ ಕೇಂದ್ರದ ಪ್ರಮಾಣಪತ್ರ ನೋಡಿದ. ಒಲೆ: ಸುಸ್ಥಿತಿ. ಓವನ್: ಸುಸ್ಥಿತಿ. ಆಮೇಲೆ, ಇದ್ದಿದ್ದರೆ ಓವನ್ ಇರಬಹುದಾಗಿದ್ದ ಮೂಲೆಯನ್ನು ನೋಡಿದ. ಅಲ್ಲಿ ನೆಲ ಸ್ವಚ್ಛವಾಗಿ ಸಾರಿಸಿತ್ತು.

"ಈಗ ಹೆಂಗೈತಿ ಅದು?"

"ಅವತ್ತಿಂದ ಒಮ್ಮಿನೂ ಕೆಟ್ಟಿಲ್ರಿ."

"ಆ ಹುಡುಗನ ಕೈಗುಣ ಛಲೋ ಐತಿ," ಎಂದಳು ತಾಯವ್ವ.

ಹಾಲಸಿದ್ದಪ್ಪ ಹೌದೆಂಬಂತೆ ತಲೆಯಾಡಿಸಿದ. "ಮತ್ತ ಕಂಬಳಿ ಹೊಲೀಬೇಕಲ್ಲ?"

"ಸೋಮವಾರ ಗುರುಸಿದ್ದ ದಬ್ಬಣ ತರ್ತಾನ್ರಿ. ಕಂಬಳಿ ಓವನ್ನಿನ ಹೊದಿಕಿ ಅಂತ ಬರಸಿದ್ರ ಆತು."

ಅವನು ಕಂಬಳಿಯನ್ನು ಮಡಚಿ ಆ ಮೂಲೆಯಲ್ಲಿಟ್ಟು ಬಂದು, ಚಹಾದ ಬಟ್ಟಲು ತೆಗೆದುಕೊಂಡ. "ಎಲ್ಲಾ ಕೂಡಿ ಎಷ್ಟ ಕೊಟ್ಟಿ?"

ಸಾತವ್ವ ಸೆರಗಿನ ಗಂಟು ಬಿಚ್ಚಿ ರಸೀದಿ ತೆಗೆದು ಅವನ ಮುಂದೆ ಇಟ್ಟಳು.

"ಒಲಿಗೆ ಏನಿಲ್ರಿ, ಅದನ್ನ ನಾನ ಹೇಳಿ ಮಾಡಿಸಿದ್ನಲ್ಲ. ಓವನ್ ರಿಪೇರಿಗೆ ನೂರಾ ಎಂಬತ್ತು, ನಮ್ಮ ದಬ್ಬಣದ ಬಾಡಿಗಿ ಇಪ್ಪತ್ತು."