ವೆಂಕಟರಾಮನ ಪ್ಲಾನರೂ ಅಪ್ಪನ ತಿಥಿಯೂ

ವೆಂಕಟರಾಮನ ಕಣ್ಣಿಗೆ ಬೀಳುವ ತನಕ ಆ ಪ್ಲಾನರು ಮಗಳು ಅರ್ಪಿತಾಳದಾಗಿತ್ತು. ಚಿಕ್ಕಮಗಳೂರಿನ ಕಾಲೇಜಿನಿಂದ ರಜೆಗೆ ಬರುವಾಗ ತಂದಿದ್ದಳು. ದಪ್ಪ ರಟ್ಟು, ದಿನಕ್ಕೊಂದು ಪುಟ, ಕೆಲಸ ಮುಗಿದರೆ ಟಿಕ್ ಹಾಕಲು ಸಣ್ಣ ಸಣ್ಣ ಚೌಕ. ಆ ಚೌಕಗಳನ್ನು ನೋಡಿದ್ದೇ ತಡ, ಕೊಟ್ಟಿಗೆಹಾರದ ಹತ್ತಿರದ ಈ ಸಣ್ಣ ಕಾಫಿ ಬೆಳೆಗಾರನಿಗೆ ತನ್ನ ಮನೆಯ ಸಕಲ ಕಷ್ಟಗಳ ಮೂಲ ಹೊಳೆದುಬಿಟ್ಟಿತು. ಅವನ ಮನೆಯ ಆಡಳಿತವೆಲ್ಲ ಹೆಂಡತಿ ಸರಸ್ವತಿಯ ತಲೆಯೊಳಗೆ ನಡೆಯುತ್ತಿತ್ತು. ಎಂಥಾ ಅಪಾಯ!

"ತಲೇಲಿಟ್ಕೊಂಡಿದ್ದು ಮರ್ತುಹೋಗತ್ತೆ. ಮೊನ್ನೆ ಗ್ಯಾಸ್ ಬುಕ್ ಮಾಡೋದು ಮರೀಲಿಲ್ವಾ ನೀನು?" ಎಂದ.

"ಮದುವೆಯಾದ ಮೇಲೆ ಒಂದೇ ಸಲ ಮರ್ತಿದ್ದು, ಮಾರಾಯ್ರೆ."

"ಆ ಒಂದು ಸಲ ಸಾಕು. ಇವತ್ತಿಂದ ನೀನು ಏನೂ ನೆನಪಿಟ್ಕೊಬೇಡ. ತಲೆ ಪೂರ್ತಿ ಖಾಲಿ ಮಾಡ್ಕೊ. ಎಲ್ಲಾ ಈ ಪುಸ್ತಕದಲ್ಲಿರತ್ತೆ, ಪುಸ್ತಕ ನನ್ ಕೈಲಿರತ್ತೆ."

ಗಂಡನ ಮಾತನ್ನು ಸರಸ್ವತಿ ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲ ಇರಬೇಕು. ಮಾರನೆಯ ದಿನದಿಂದಲೇ ಅವಳ ತಲೆ ಖಾಲಿಯಾಯಿತು. ಹಾಲಿನವನು ಏನಾದರೂ ಕೇಳಿದರೆ "ಯಜಮಾನ್ರನ್ನ ಕೇಳಿ", ಮಗಳು ಏನಾದರೂ ಕೇಳಿದರೆ "ಅಪ್ಪನ್ನ ಕೇಳು". ವಾರದೊಳಗೆ ಅವಳ ಮುಖಕ್ಕೆ ಒಂದು ಕಳೆಯೇ ಬಂತು!

ವೆಂಕಟರಾಮ ಹಳೆಯ ವರ್ಷದ ಗೋಡೆ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು, ಅದರಲ್ಲಿ ಸರಸ್ವತಿ ಎಣ್ಣೆ ಕೈಯಲ್ಲಿ ಗೀಚಿದ್ದನ್ನೆಲ್ಲ ಇದ್ದ ತಾರೀಕಿಗೇ ಹೊಸ ಪ್ಲಾನರಿಗೆ ಇಳಿಸಿದ. ಗ್ಯಾಸು, ವಿಮೆ, ಜೀಪಿನ ಸರ್ವೀಸು, ಅಪ್ಪನ ತಿಥಿ, ಎಲ್ಲ. ಅಪ್ಪನ ತಿಥಿಗೆ ಮಾತ್ರ ಕೆಂಪು ಶಾಯಿ. ಆಮೇಲೆ ಹಳೆಯ ಕ್ಯಾಲೆಂಡರನ್ನು ವಿಧಿವತ್ತಾಗಿ ಬಚ್ಚಲ ಒಲೆಗೆ ಸಮರ್ಪಿಸಿದ. ಹೊಸ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಲೂ ಬಿಡಲಿಲ್ಲ. (ಒಂದು ಒರೆಯಲ್ಲಿ ಎರಡು ಕತ್ತಿ ಬೇಡ ಎಂಬುದು ಅವನ ವಾದ.) ಈ ಸಲ ತಿಥಿಗೆ ಒಂದು ಲೋಪವೂ ಆಗಬಾರದೆಂದು ಮೊದಲೇ ಲ್ಯಾಂಡ್‌ಲೈನಿನ ಮುಂದೆ ಕೂತು, ಅಪ್ಪನ ಹಳೆಯ ಸ್ನೇಹಿತರು, ಹೆಂಡತಿಯ ಕಡೆಯವರು, ಮಲ್ಲಂದೂರಿನವರು, ಮೂಡಿಗೆರೆಯವರು ಎಂದು ಸಿಕ್ಕ ಸಿಕ್ಕವರಿಗೆಲ್ಲ ಊಟಕ್ಕೆ ಹೇಳಿದ. ಒಬ್ಬೊಬ್ಬರಿಗೆ ಹೇಳಿದಂತೆಯೂ ಪುಸ್ತಕದಲ್ಲಿ ಹೆಸರು, ಪಕ್ಕದಲ್ಲಿ ಟಿಕ್. ಟಿಕ್ ಹಾಕುವ ಸುಖ ಅನುಭವಿಸಿದವರಿಗೇ ಗೊತ್ತು.

ಹೀಗೆ ಸಂಸಾರ ಸುಸೂತ್ರವಾಗಿರಲು, ಜನವರಿಯ ಒಂದು ಬೆಳಿಗ್ಗೆ ಅವನು ಈರುಳ್ಳಿ ಹಾಕಿದ ಬಿಸಿ ಉಪ್ಪಿಟ್ಟಿನ ಮುಂದೆ ಕೂತಿದ್ದ. ಮೊದಲ ತುತ್ತು ಬಾಯಿಯ ಹತ್ತಿರ ಬಂದಿತ್ತು. ಆಗ ಫೋನು ಹೊಡೆದುಕೊಂಡಿತು.

ಅದು ಕಳಸದ ಭಾಗಕ್ಕ. ವೆಂಕಟರಾಮನ ಒಡಹುಟ್ಟಿದ ಅಕ್ಕ. ಅವಳ ಬಾಯಿಗೆ ಹೆದರದವರು ಆ ಕುಟುಂಬದಲ್ಲಿ ಒಬ್ಬರೇ ಇದ್ದರು, ಅವರದೇ ತಿಥಿ ಈಗ ಬರಬೇಕಾಗಿದ್ದುದು.

"ವೆಂಕಟಾ, ಬಸ್ಸು ಹತ್ತಿದೀನಿ. ಪ್ರತಿ ವರ್ಷದ ಹಾಗೆ ಶಂಭು ಭಟ್ರೂ ಜೊತೇಲಿದಾರೆ. ಕೊಟ್ಟಿಗೆಹಾರಕ್ಕೆ ಜೀಪು ತಾ. ಎಳ್ಳು, ದರ್ಭೆ ಎಲ್ಲಾ ತಂದಿಟ್ಟಿದೀಯ ತಾನೇ?"

"ಯಾ... ಯಾಕಕ್ಕ?"

"ಯಾಕಾ? ಏನ್ ಮಾರಾಯ, ನಿದ್ದೆಗಣ್ಣಲ್ಲಿದೀಯಾ? ಇವತ್ತು ಅಪ್ಪನ ತಿಥಿ! ಖಾಲಿ ಹೊಟ್ಟೇಲಿದೀಯ ಅಲ್ವಾ?"

ವೆಂಕಟರಾಮ ಕೈಯಲ್ಲಿದ್ದ ತುತ್ತನ್ನು ನೋಡಿದ. "ಇದೀನಕ್ಕ," ಎಂದ. ಸುಳ್ಳಲ್ಲ, ಕೂದಲೆಳೆಯ ಅಂತರದಲ್ಲಿ ಸತ್ಯ.

ಫೋನಿಟ್ಟು ಪ್ಲಾನರು ತೆರೆದರೆ ಇವತ್ತಿನ ಪುಟದಲ್ಲಿ ಜೀಪಿನ ಸರ್ವೀಸು ಬಿಟ್ಟರೆ ಏನೂ ಇಲ್ಲ. ಅಪ್ಪನ ತಿಥಿ ಎಷ್ಟೋ ಪುಟ ಮುಂದೆ ಕೆಂಪಗೆ ಕೂತಿದೆ. ಆಗ ಅವನಿಗೆ ಹೊಳೆಯಿತು. ತಿಥಿಯೆನ್ನುವುದು ಪಂಚಾಂಗ ನೋಡಿ ಬರುವುದು, ತಾರೀಕು ನೋಡಿ ಅಲ್ಲ. ಪ್ರತಿ ವರ್ಷವೂ ಹಿಂದೆ ಮುಂದೆ ಸರಿಯುತ್ತದೆ. ಇದು ಅರ್ಪಿತಾಳಿಗೂ ಗೊತ್ತು. ಹೋದ ವರ್ಷದ ತಾರೀಕಿಗೇ ಅಪ್ಪನನ್ನು ಕಟ್ಟಿಹಾಕಿದ ಮಹಾಬುದ್ಧಿವಂತ ಅವನೊಬ್ಬನೇ.

"ಸರಸ್ವತೀ! ಇವತ್ತಂತೆ ಅಪ್ಪನ ತಿಥಿ!"

ಸರಸ್ವತಿ ಒಳಗಿನಿಂದ ಓಡಿಬಂದಳು. "ಅಯ್ಯೋ ದೇವರೇ! ಪುಸ್ತಕದಲ್ಲಿ ಬರ್ದಿದೀನಿ ಅಂದ್ರಲ್ಲ?"

"ನಿಂಗಾದ್ರೂ ನೆನಪಿರ್ಬೇಕಿತ್ತಲ್ವಾ?"

"ನಂಗಾ? ತಲೆ ಖಾಲಿ ಮಾಡ್ಕೊ ಅಂತ ಹೇಳಿದ್ದು ಯಾರು? ಖಾಲಿ ಮಾಡ್ಕೊಂಡೆ. ಉಪ್ಪಿಟ್ಟು ತಿಂದ್ರಾ?"

"ಇಲ್ಲ."

"ಬದುಕಿದ್ವಿ!" ಎಂದು ತಟ್ಟೆ ಕಸಿದುಕೊಂಡಳು.

ವೆಂಕಟರಾಮನಿಗೆ ಅಕ್ಕನ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಅಪ್ಪನ ತಿಥಿ ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಇಂದು ತಪ್ಪಿದರೆ ತನ್ನ ಕೈಯಿಂದ, ತನ್ನ ಕೆಂಪು ಶಾಯಿಯಿಂದ ತಪ್ಪಿದ ಹಾಗೆ. ಬಸ್ಸು ಬರುವುದರೊಳಗೆ ಮನೆ ತೊಳೆಯಬೇಕು, ಎಲ್ಲರೂ ಮೀಯಬೇಕು, ಈರುಳ್ಳಿಯ ಸುಳಿವೇ ಇರಬಾರದು, ಅಡುಗೆ ಮೊದಲಿಂದ ಆಗಬೇಕು. ಇಷ್ಟೆಲ್ಲ ಮಾಡಬೇಕಾದವನು ಏನು ಮಾಡಿದ ಗೊತ್ತೇ? ಪೆನ್ನು ತೆಗೆದುಕೊಂಡು ಕೂತ!

"ಗಾಬರಿ ಬೇಡ. ಮೊದಲು ತುರ್ತು ಯೋಜನೆ ಹಾಕೋಣ. ಅರ್ಪಿತಾ, ಒಂದನೇ ಚೌಕ..."

"ರೀ, ಪೆನ್ನು ಕೆಳಗಿಡಿ!" ಸರಸ್ವತಿಯ ಧ್ವನಿಗೆ ಕಣದಲ್ಲಿ ಕಾಫಿ ಒಣಹಾಕುತ್ತಿದ್ದ ಆಳುಗಳೂ ತಿರುಗಿ ನೋಡಿದರು. "ಹೋಗಿ ಬಾಳೆಎಲೆ ಕೊಯ್ಕೊಂಡು ಬನ್ನಿ. ಅರ್ಪಿತಾ, ಉದ್ದು ಬಿಸಿನೀರಲ್ಲಿ ಹಾಕು, ಆಮೇಲೆ ಕಿಟಕಿ ಬಾಗಿಲೆಲ್ಲ ತೆಗಿ, ಮನೆಯೆಲ್ಲ ಈರುಳ್ಳಿ ಗಬ್ಬು!"

ಅಷ್ಟರಲ್ಲಿ ಕರೆಂಟು ಹೋಯಿತು. (ಅದು ಯಾವ ಪ್ಲಾನರಿಗೂ ಬಗ್ಗಿದ್ದಲ್ಲ.) ಗೀಸರಿಲ್ಲ, ಮಿಕ್ಸಿಯಿಲ್ಲ. ವಡೆಗೆ ರುಬ್ಬಲು ಒರಳುಕಲ್ಲು, ಸ್ನಾನಕ್ಕೆ ಹಂಡೆ. ಎಲೆ ಕೊಯ್ದು ತಂದ ವೆಂಕಟರಾಮನಿಗೆ ಬಚ್ಚಲಿನಿಂದ ಹೊಗೆ, ಸರಸ್ವತಿಯ ಕೆಮ್ಮು, ಮಗಳ ಕೈಯಲ್ಲಿ ಗಡಗಡ ಒರಳು, ಎಲ್ಲ ಒಟ್ಟಿಗೆ ಎದುರಾದವು. ಮೈಗೆ ನೀರು ಸುರಿದುಕೊಂಡು, ಒದ್ದೆ ತಲೆಯಲ್ಲೇ ಜೀಪು ಹತ್ತಿದ. ಅಂಗಡಿಯಲ್ಲಿ ಕರಿಎಳ್ಳು ಕಟ್ಟಿಸಿಕೊಳ್ಳುವುದಕ್ಕೂ ಕಳಸದ ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಪುಣ್ಯಕ್ಕೆ ದರ್ಭೆ ಭಟ್ಟರ ಚೀಲದಲ್ಲೇ ಇತ್ತು.

ಮನೆಯೊಳಗೆ ಕಾಲಿಟ್ಟ ಭಾಗಕ್ಕ ಮೂಗೆತ್ತಿ ಗಾಳಿ ಎಳೆದಳು.

"ಏನೋ ವಾಸನೆ?"

"ಹೊಗೆ, ಅತ್ತಿಗೆ. ಕರೆಂಟಿಲ್ಲ, ಹಂಡೆ ಒಲೆ ಹಾಕಿದ್ವಿ," ಎಂದಳು ಸರಸ್ವತಿ, ಮಡಿಸೀರೆಯಲ್ಲಿ ಸಾಕ್ಷಾತ್ ಅನ್ನಪೂರ್ಣೆಯಂತೆ ನಿಂತು.

ಶಂಭು ಭಟ್ಟರು ಮಂತ್ರ ಶುರುಮಾಡಿದರು. ಕರ್ಮವೇನೋ ಸಾಂಗವಾಗಿ ನಡೆಯಿತು. ತೊಂದರೆಯಾದದ್ದು ಕೊನೆಗೆ. ಪಿಂಡದ ಎಲೆಯನ್ನು ಕಣದ ಕಟ್ಟೆಯ ಮೇಲಿಟ್ಟು ಎಲ್ಲರೂ ಕಾದರು. ದಿನಾ ಒಣಹಾಕಿದ ಹಪ್ಪಳ ಹೊತ್ತೊಯ್ಯುವ ಕಾಗೆಗಳಲ್ಲಿ ಒಂದೂ ಎಲೆಯ ಹತ್ತಿರ ಬರಲಿಲ್ಲ. ಭಟ್ಟರು ಕರೆದರು. ಅರ್ಪಿತಾ ಕರೆದಳು. ಮರದ ಮೇಲಿದ್ದ ಒಂದೇ ಒಂದು ಕಾಗೆ ಕತ್ತು ಓರೆ ಮಾಡಿ ವೆಂಕಟರಾಮನನ್ನೇ ನೋಡುತ್ತಿತ್ತು, ಇಳಿಯಲೊಲ್ಲದು.

"ಅಪ್ಪಂಗೆ ಏನೋ ಬೇಜಾರಾಗಿದೆ ವೆಂಕಟಾ," ಎಂದಳು ಭಾಗಕ್ಕ. "ಏನ್ ಮಾಡಿದೀಯ, ಹೇಳ್ಬಿಡು."

ಅಪ್ಪ ಬದುಕಿದ್ದಾಗಲೂ ಹೀಗೇ, ತಪ್ಪು ಒಪ್ಪಿಕೊಳ್ಳುವ ತನಕ ತಟ್ಟೆ ಮುಟ್ಟುತ್ತಿರಲಿಲ್ಲ. ವೆಂಕಟರಾಮ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೈಮುಗಿದ. 'ಅಪ್ಪಾ, ಮರ್ತಿದ್ದು ಹೌದು. ದಿನ ಮರ್ತೆ, ನಿನ್ನನ್ನಲ್ಲ. ಇನ್ಮೇಲೆ ನಿನ್ನನ್ನ ಪುಸ್ತಕಕ್ಕೆ ಒಪ್ಸಲ್ಲ. ಇಳಿದು ಬಾ.'

ರೆಕ್ಕೆಯ ಸದ್ದಾಯಿತು. ಕಣ್ಣು ಬಿಟ್ಟರೆ ಕಾಗೆ ಎಲೆಯ ಮೇಲಿತ್ತು. ವೆಂಕಟರಾಮನಿಗೆ ಅಳು ಬಂದುಬಿಟ್ಟಿತು. ಹೊಗೆಯೆಂದು ಹೇಳಿ ಕಣ್ಣೊರೆಸಿಕೊಂಡ.

ಊಟ ಮುಗಿದು, ವಡೆ ಪಾಯಸ ಎರಡೆರಡು ಸಲ ಆದ ಮೇಲೆ ಭಾಗಕ್ಕ ಎಂದೂ ಇಲ್ಲದಷ್ಟು ಪ್ರಸನ್ನಳಾದಳು. "ಅರ್ಪಿತಾ ಹೇಳಿದ್ಲು, ಮನೆ ವಿಷಯವೆಲ್ಲ ಒಂದು ಪುಸ್ತಕದಲ್ಲಿ ಬರ್ದಿಡ್ತೀಯಂತೆ. ತಾ, ನೋಡಣ."

ಆ ಕೆಂಪು ಪುಟ ಅಕ್ಕನ ಕಣ್ಣಿಗೆ ಬಿದ್ದರೆ ಮುಗಿಯಿತು ಕಥೆ! ವೆಂಕಟರಾಮ ಅಡುಗೆಮನೆಗೆ ಓಡಿದ. "ಸರಸ್ವತೀ, ಪ್ಲಾನರು ಎಲ್ಲಾದ್ರೂ ಬಚ್ಚಿಡು!"

"ಬಚ್ಚಿಡೋಕೆ ಏನಿದೆ? ಹಂಡೆ ಒಲೆ ಹತ್ತಿಸೋಕೆ ಒಣ ಕಾಗದ ಬೇಕಿತ್ತು. ಕೈಗೆ ಅದೇ ಸಿಕ್ತು. ಚೆನ್ನಾಗಿ ಉರೀತು, ಪಾಪ."

ವೆಂಕಟರಾಮನಿಗೆ ಹೆಂಡತಿಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಎದೆಯುಬ್ಬಿಸಿ ಹೊರಗೆ ಬಂದು, "ಪುಸ್ತಕ ಗಿಸ್ತಕ ಏನಿಲ್ಲ ಅಕ್ಕ. ಎಲ್ಲಾ ತಲೇಲೇ ಇದೆ," ಎಂದ.

"ಅದು ಗೃಹಸ್ಥನ ಲಕ್ಷಣ!" ಎಂದು ಅಕ್ಕ ಹರಸಿದಳು.

ಸಂಜೆ ಅಕ್ಕನನ್ನೂ ಭಟ್ಟರನ್ನೂ ಬಸ್ಸು ಹತ್ತಿಸಿ ಬಂದು, ಜಗಲಿಯಲ್ಲಿ ಕಾಲು ಚಾಚಿ, ಕಾಫಿ ಲೋಟ ತುಟಿಗಿಟ್ಟ. ಲೋಟ ಅಲ್ಲೇ ನಿಂತಿತು.

"ಸರಸ್ವತೀ... ತಿಥಿ ಊಟಕ್ಕೆ ಅಂತ ನಾನು ಫೋನ್ ಮಾಡಿ ಹೇಳಿದ್ನಲ್ಲ, ಅವ್ರೆಲ್ಲ ಯಾವತ್ತು ಬರ್ತಾರೆ?"

"ನೀವು ಯಾವತ್ತು ಬನ್ನಿ ಅಂದಿದ್ರೋ ಅವತ್ತು."

"ಯಾವತ್ತು ಅಂದಿದ್ದೆ?"

"ನಂಗೇನ್ ಗೊತ್ತು? ಪುಸ್ತಕದಲ್ಲಿತ್ತು."

"ಯಾರ್ಯಾರಿಗೆ ಹೇಳಿದ್ದೆ?"

"ಅದೂ ಪುಸ್ತಕದಲ್ಲೇ ಇತ್ತು, ಟಿಕ್ ಹಾಕಿ."

ಬರೆದಿಟ್ಟ ಧೈರ್ಯದಲ್ಲಿ ಒಂದನ್ನೂ ಅವನು ನೆನಪಿಟ್ಟುಕೊಂಡಿರಲಿಲ್ಲ. ಬೆಳಿಗ್ಗೆ ಕೆಂಪು ಪುಟ ಕಂಡಾಗಲೂ ಗಾಬರಿಯಲ್ಲಿ ತಾರೀಕು ನೋಡಿರಲಿಲ್ಲ. ಮುಂದಿನ ವಾರವೋ, ಅದರಾಚೆಯ ವಾರವೋ. ಹತ್ತು ಜನವೋ, ಮೂವತ್ತು ಜನವೋ. ಫೋನ್ ಮಾಡಿ ಕೇಳೋಣವೆಂದರೆ ಯಾರಿಗೆ? ಕೇಳಿದರೂ ಏನೆಂದು? ಆ ಸುದ್ದಿ ಕಳಸ ತಲುಪಲು ಎಷ್ಟು ಹೊತ್ತು ಬೇಕು?

ಈಗ ಆ ಮನೆಯಲ್ಲಿ ಉದ್ದು ದಿನಾ ನೆನೆಯುತ್ತದೆ. ಬೆಳಗಾದರೆ ವೆಂಕಟರಾಮ ಹಸಿದ ಹೊಟ್ಟೆಯಲ್ಲಿ ಗೇಟಿನ ಕಡೆಗೇ ಮುಖ ಮಾಡಿ ಕೂರುತ್ತಾನೆ. ಸರಸ್ವತಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುವ ಮೊದಲು ಕತ್ತಿ ಹಿಡಿದು ಒಳಗಿನಿಂದಲೇ ಕೂಗುತ್ತಾಳೆ:

"ರೀ, ಇವತ್ತೇನಾ?"