ಕಾಲುನೋವಿಗೊಂದು ಪ್ರಶ್ನೆಗುರುತು

ಬೆಳಿಗ್ಗೆ ಕಾಫಿ ಲೋಟಕ್ಕಿಂತ ಮೊದಲು ಮೊಬೈಲಿಗೆ ಕೈ ಹಾಕುವ ಚಟ ನನ್ನದು. ಅದರಲ್ಲೂ ಕ್ರೀಡಾಸುದ್ದಿ. ಯಾವ ಆಟಗಾರ ತಂಡ ಬಿಟ್ಟ, ಯಾರ ಮದುವೆ ಮುರಿಯಿತು ಎಂದು ತಿಳಿಯದಿದ್ದರೆ ಕೂತಲ್ಲಿ ಕೂರಲಾಗುವುದಿಲ್ಲ. ತಿಳಿದ ಮೇಲೂ ಕೂರಲಾಗುವುದಿಲ್ಲ. ಏಕೆಂದರೆ ಆಟದಲ್ಲಿ ಗೆದ್ದವರು ಯಾರು ಅನ್ನುವುದೊಂದನ್ನು ಬಿಟ್ಟು ಅಲ್ಲಿ ಮಿಕ್ಕಿದ್ದೆಲ್ಲ ಇರುತ್ತದೆ.

ಮೊನ್ನೆ ಭಾನುವಾರ ತೆರೆದು ನೋಡಿದರೆ ನನ್ನ ಹೆಂಡತಿಯ ಅಣ್ಣನ ಮಗಳು ಚೈತ್ರಾಳ ಫೋಟೊ! ಕಬಡ್ಡಿ ಆಡಲು ಹುಬ್ಬಳ್ಳಿಗೆ ಹೋದವಳು ಕಾಲು ಹಿಡಿದು ಕೂತಿದ್ದಾಳೆ. ಮೇಲೆ ಕೆಂಪಕ್ಷರದಲ್ಲಿ, 'ಕೊಳ್ಳೇಗಾಲದ ಕಬಡ್ಡಿ ಕುವರಿಗೆ ಆಘಾತ: ಇನ್ನೆಂದೂ ಆಡಲ್ವಾ?' ಅವಳಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಕಾಫಿ ಅಲ್ಲೇ ಬಿಟ್ಟು ಅವಳೂರು ಮುಳ್ಳೂರಿಗೆ ಬೈಕ್ ಓಡಿಸಿದೆ.

ಅವಳಪ್ಪ, ನನ್ನ ಭಾವ ಮಾದಪ್ಪ, ಅರಿಶಿನದ ಹೊಲದಲ್ಲಿದ್ದರು. ಮೊಬೈಲ್ ತೋರಿಸಿದೆ. ಓದಿದವರೇ ಬದುವಿನ ಮೇಲೆ ಕುಸಿದು ಕೂತರು. "ನಾ ಬ್ಯಾಡ ಅಂದೆ, ನೀನೇ ಕಳ್ಸು ಅಂದಿದ್ದು. ಸಾಕು, ಆಟ ಬುಟ್ಟು ಮನೆಗ್ ಬರ್ಲಿ."

ಕೂದಲೆಣ್ಣೆಯ ಜಾಹೀರಾತುಗಳನ್ನು ಸರಿಸಿ ಸರಿಸಿ ಸುದ್ದಿಯನ್ನು ಹುಡುಕಿದೆ. ಎಲ್ಲ ಸಾಲೂ 'ಎನ್ನಲಾಗಿದೆ'. ಪೆಟ್ಟು ಯಾವ ಕಾಲಿಗೆ ಎಂಬುದೇ ಇಲ್ಲ. ಕೊನೆಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಜಗಳಕ್ಕೆ ನಿಂತೆ.

"ಸಾರ್, ಆಡಲ್ಲ ಅಂತ ನಾವು ಹೇಳೇ ಇಲ್ಲ. ಕೊನೇಲಿ ಪ್ರಶ್ನೆಗುರುತು ಹಾಕಿದ್ದೀವಿ ನೋಡಿ," ಎಂದ ಆ ಕಡೆಯವನು.

"ಹುಬ್ಬಳ್ಳಿಗೆ ಯಾರ್ರೀ ಹೋಗಿದ್ರು?"

"ಯಾರೂ ಹೋಗಿಲ್ಲ ಸಾರ್. ಫೋಟೊ ಸಿಕ್ತು."

ಅಷ್ಟರಲ್ಲಿ ಭಾವನ ಫೋನಿಗೆ ಚೈತ್ರಾಳೇ ಮಾಡಿದಳು. "ಅಪ್ಪೋ, ಚಾರ್ಜ್ ಓಗಿತ್ತು. ಕಾಲ್ಗೇನೂ ಆಗಿಲ್ಲ, ಶೂ ಕಿತ್ತೋಗಿತ್ತು. ಬ್ಯಾರೇ ಶೂ ಆಕ್ಕೊಳ್ಳಾಕೆ ಕೂತಿದ್ದೆ, ಅಷ್ಟೆಯ."

ಭಾವ ನಂಬಲಿಲ್ಲ. "ಸುಳ್ಳೇಳ್ಬ್ಯಾಡ ಕಣವ್ವಾ. ಇಲ್ಲಿ ಅಕ್ಷರದಲ್ಲೇ ಬಂದದೆ. ಈಗ್ಲೇ ಒಂಟು ಬಾ."

"ಸಂಜೆ ಫೈನಲ್ ಕಣಪ್ಪಾ!" ಹುಡುಗಿಗೆ ಅಳುವೇ ಬಂತು. ನಾನು ಫೋನ್ ಕಿತ್ತುಕೊಂಡು ವಿಡಿಯೊ ಕಾಲ್ ಮಾಡಿಸಿದೆ. ಅವಳು ಒಂಟಿಕಾಲಲ್ಲಿ ಕುಣಿದಳು. ಕಾಲು ಬದಲಿಸಿ ಮತ್ತೆ ಕುಣಿದಳು. ಭಾವ ಎರಡೂ ಕಾಲನ್ನು ಕಣ್ಣಗಲಿಸಿ ನೋಡಿ, ಮೂಗೊರೆಸಿಕೊಂಡು, "ಗೆದ್ಕಂಡೇ ಬಾ," ಎಂದರು.

ಗೆದ್ದಳು. ಮರುದಿನ ಅದೇ ಕಡೆ ಸುದ್ದಿ: 'ನೋವು ನುಂಗಿ ಗೆದ್ದ ಕುವರಿ! ನಮ್ಮ ವರದಿಯ ಬಳಿಕ ಕಣ್ಣೀರಿಡುತ್ತ ಕರೆ ಮಾಡಿದ ವಯೋವೃದ್ಧ ಬಂಧು.'

ಕಣ್ಣೀರನ್ನು ಬೇಕಾದರೆ ಕ್ಷಮಿಸಬಹುದು. ವಯೋವೃದ್ಧನೇ? ಇವರಿಗೆ ವಿಚಾರಿಸಿ ಬರೆಯುವ ಅಭ್ಯಾಸವೇ ಇಲ್ಲವೇ ಎಂದು ಮನೆಯೆಲ್ಲ ಸುತ್ತಾಡಿದೆ. ಹೆಂಡತಿ ಮೊಬೈಲ್ ಇಸಿದುಕೊಂಡು ಓದಿದಳು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಅದೊಂದ್ನಾದ್ರೂ ಸರಿಯಾಗಿ ಬರ್ದವ್ರೆ, ಬುಡಿ," ಎಂದಳು.